ಮಣ್ಣನ್ನು ಓದುವುದು ಹೇಗೆ? ಪುರಾತತ್ವದ ಮೊದಲ ಪಾಠಗಳು, ಹಂತ ಹಂತವಾಗಿ

ಪುರಾತತ್ವದ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಂದು, "ಇಲ್ಲೇ ಅಗೆಯಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ?" ಇನ್ನೊಂದು, "ಇದು ಇಷ್ಟೇ ವರ್ಷ ಹಳೆಯದು ಅಂತ ಹೇಗೆ ಹೇಳುತ್ತಾರೆ?" ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಯಿತು. ಅದಕ್ಕೇ ಒಂದು ಉತ್ಖನನ ಮೊದಲಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ ಅನ್ನುವುದನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನೀವು ಮೊದಲ ಸಲ ಉತ್ಖನನಕ್ಕೆ ಸೇರುತ್ತಿರುವ ವಿದ್ಯಾರ್ಥಿ ಇರಬಹುದು. ಸುಮ್ನೆ ಒಂದು ವರದಿಯನ್ನು ಅರ್ಥ ಮಾಡಿಕೊಂಡು ಓದುವ ಆಸೆ ಇರಬಹುದು. ಇಬ್ಬರಿಗೂ ಇದು ಕೆಲಸಕ್ಕೆ ಬರುತ್ತದೆ.

ಶುರುವಿನಲ್ಲೇ ಒಂದು ಎಚ್ಚರಿಕೆ. ಇದನ್ನು ಓದಿ ನೀವೇ ಗುದ್ದಲಿ ಹಿಡಿದು ಹೊರಡಬೇಡಿ. ಬಹಳ ದೇಶಗಳಲ್ಲಿ ಅನುಮತಿ ಇಲ್ಲದೆ ಹಳೆಯ ನೆಲೆಗಳನ್ನು ಅಗೆಯುವುದು ಅಪರಾಧ. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ರಸಾಯನಶಾಸ್ತ್ರದ ಪ್ರಯೋಗ ತಪ್ಪಿದರೆ ನಾಳೆ ಮತ್ತೆ ಮಾಡಬಹುದು. ಅಗೆದ ಗುಂಡಿಯನ್ನು ಮತ್ತೆ ಮೊದಲಿನ ಹಾಗೆ ಮಾಡಿ ಇನ್ನೊಮ್ಮೆ ಅಗೆಯಲು ಆಗುವುದಿಲ್ಲ. ಇರುವುದು ಒಂದೇ ಅವಕಾಶ.

ಹಂತಗಳಿಗೆ ಹೋಗುವ ಮೊದಲು ಒಂದು ಪದ ಕಲಿತುಬಿಡಿ: ಸಂದರ್ಭ. ಒಂದು ವಸ್ತು ಎಲ್ಲಿ, ಎಷ್ಟು ಆಳದಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಅನ್ನುವ ಪೂರ್ತಿ ಮಾಹಿತಿಗೆ ಪುರಾತತ್ವದಲ್ಲಿ ಹೀಗೆ ಹೇಳುತ್ತಾರೆ. ಒಂದು ಕಲ್ಲಿನ ಮಣಿ ಸಿಕ್ಕಿತು ಅನ್ನಿ. ಅದು ಅಸ್ಥಿಪಂಜರದ ಕುತ್ತಿಗೆಯ ಹತ್ತಿರ ಇದ್ದರೆ ಯಾರೋ ಹಾಕಿಕೊಂಡಿದ್ದ ಒಡವೆ. ಅರ್ಧ ಕೊರೆದ ಮಣಿಗಳ ಮತ್ತು ಕಲ್ಲಿನ ಚಕ್ಕೆಗಳ ರಾಶಿಯಲ್ಲಿದ್ದರೆ ಅದೊಂದು ಕಾರ್ಖಾನೆ. ಕಸದ ಗುಂಡಿಯಲ್ಲಿದ್ದರೆ ದಾರ ಕಡಿದು ಕಳೆದುಹೋದದ್ದು. ಮಣಿ ಒಂದೇ, ಕಥೆ ಮೂರು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಮೂರೂ ಹೋಯಿತು, ಕೈಯಲ್ಲಿ ಬರೀ ಮಣಿ ಉಳಿಯಿತು. ಮುಂದೆ ಬರುವ ಎಲ್ಲ ಹಂತಗಳೂ, ಎಲ್ಲ ಗೋಳಾಟವೂ ಈ ಸಂದರ್ಭವನ್ನು ಕಳೆದುಕೊಳ್ಳದೆ ಇರುವುದಕ್ಕಾಗಿಯೇ.

ಬೇಕಾಗುವ ಸಾಮಾನು

ಸಿನಿಮಾದಲ್ಲಿ ಕಾಣುವಷ್ಟು ದೊಡ್ಡ ಸಲಕರಣೆ ಬೇಡ. ಮುಖ್ಯ ಆಯುಧ ಗಾರೆಯವರ ಚೂಪು ಮೂತಿಯ ಸಣ್ಣ ಕರಣೆ. ಜೊತೆಗೆ ಬ್ರಷ್, ಬಾಂಡ್ಲಿ, ಜರಡಿ, ಅಳತೆ ಟೇಪು, ದಾರ, ಗೂಟ, ರಸಮಟ್ಟ, ತೂಗುಗುಂಡು. ಬರೆಯಲು ಪೆನ್ಸಿಲ್, ಗ್ರಾಫ್ ಹಾಳೆ, ಚೀಲಗಳು, ನೀರು ತಾಗಿದರೂ ಹಾಳಾಗದ ಚೀಟಿಗಳು. ಮಣ್ಣಿನ ಬಣ್ಣ ಹೇಳಲು ಮನ್ಸೆಲ್ ಪಟ್ಟಿ ಅನ್ನುವ ಪುಟ್ಟ ಪುಸ್ತಕ ಇರುತ್ತದೆ, ಬಣ್ಣದ ಅಂಗಡಿಯ ಶೇಡ್ ಕಾರ್ಡ್ ತರಹ. ಒಬ್ಬರಿಗೆ ಕಂದು ಕಂಡದ್ದು ಇನ್ನೊಬ್ಬರಿಗೆ ಕೆಂಪು ಕಾಣುತ್ತದೆ. ಅದಕ್ಕೇ ಎಲ್ಲರೂ ಒಂದೇ ಪಟ್ಟಿಯ ಸಂಖ್ಯೆ ಬರೆಯುತ್ತಾರೆ. ದೊಡ್ಡ ಉತ್ಖನನಗಳಲ್ಲಿ ಅಳತೆಗೆ ಟೋಟಲ್ ಸ್ಟೇಷನ್ ಯಂತ್ರ ಇರುತ್ತದೆ. ಆದರೆ ಟೇಪು ಹಿಡಿದು ಅಳೆಯಲು ಬಾರದವರಿಗೆ ಯಂತ್ರ ಕೊಟ್ಟರೆ ತಪ್ಪುಗಳು ದಶಮಾಂಶ ಬಿಂದುವಿನ ಆಚೆಗೂ ನಿಖರವಾಗಿ ಬರುತ್ತವೆ, ಅಷ್ಟೇ.

ಹಂತ 1: ಪ್ರಶ್ನೆ ಇಟ್ಟುಕೊಳ್ಳಿ

"ಏನಾದರೂ ಸಿಗಬಹುದು" ಅನ್ನುವುದು ನಿಧಿ ಹುಡುಕುವವರ ಮಾತು. "ಈ ಊರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದು ಕೋಟೆ ಕಟ್ಟುವ ಮುಂಚೆಯೋ ಆಮೇಲೋ?" ಅನ್ನುವುದು ಪುರಾತತ್ವದ ಪ್ರಶ್ನೆ. ಎಲ್ಲಿ ಅಗೆಯಬೇಕು, ಎಷ್ಟು ಅಗೆಯಬೇಕು, ಯಾವ ಮಾದರಿ ತೆಗೆಯಬೇಕು ಎಲ್ಲವೂ ಈ ಪ್ರಶ್ನೆಯ ಮೇಲೆ ನಿಲ್ಲುತ್ತದೆ. ಎಲ್ಲವನ್ನೂ ಅಗೆಯಬೇಡಿ. ಒಂದಷ್ಟು ಭಾಗ ಮುಟ್ಟದೆ ಬಿಟ್ಟರೆ ಮುಂದಿನವರು ಇನ್ನೂ ಒಳ್ಳೆಯ ವಿಧಾನ ಹಿಡಿದು ಬರುತ್ತಾರೆ.

ಹಂತ 2: ಅಗೆಯದೆ ಹುಡುಕಿ

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಳೆಯ ನಕ್ಷೆ, ಶಾಸನ, ದಾಖಲೆ, ಊರಿನ ಮತ್ತು ಹೊಲದ ಹೆಸರು, ಇವುಗಳಿಂದ ಶುರು. ಆಮೇಲೆ ಕಾಲಿಗೆ ಕೆಲಸ. ತಂಡದವರು ಸಮನಾದ ಅಂತರ ಬಿಟ್ಟು ಸಾಲಾಗಿ ನೆಲ ನೋಡುತ್ತಾ ನಡೆಯುತ್ತಾರೆ. ಬೋಕಿ (ಒಡೆದ ಮಡಕೆಯ ಚೂರು), ಕಲ್ಲಿನ ಚಕ್ಕೆ, ಕಬ್ಬಿಣ ಕರಗಿಸಿದ ಕಿಟ್ಟ, ಇಟ್ಟಿಗೆ ತುಂಡು ಎಲ್ಲಿ ಎಷ್ಟು ಸಿಕ್ಕಿತು ಅಂತ ಗುರುತು ಹಾಕುತ್ತಾರೆ. ಇದಕ್ಕೆ ಮೇಲ್ಮೈ ಸರ್ವೆ ಅನ್ನುತ್ತಾರೆ. ನೋಡಲು ವಾಕಿಂಗ್ ತರಹ ಇರುತ್ತದೆ, ಸಂಜೆಗೆ ಸೊಂಟ ಹಿಡಿಯುತ್ತದೆ.

ಆಕಾಶದಿಂದ ನೋಡುವುದು ಇನ್ನೊಂದು ದಾರಿ. ನೆಲದ ಕೆಳಗೆ ಹಳೆಯ ಕಂದಕ ಮುಚ್ಚಿಹೋಗಿದ್ದರೆ ಅಲ್ಲಿ ಮಣ್ಣು ಆಳವಾಗಿರುತ್ತದೆ, ತೇವ ಜಾಸ್ತಿ ಇರುತ್ತದೆ. ಮೇಲಿನ ಪೈರು ಎತ್ತರವಾಗಿ ಹಸಿರಾಗಿ ಬೆಳೆಯುತ್ತದೆ. ಕೆಳಗೆ ಕಲ್ಲಿನ ಗೋಡೆ ಇದ್ದರೆ ಪೈರು ಕುಳ್ಳಾಗಿ ಬೇಗ ಹಳದಿಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2018ರ ಬೇಸಿಗೆಯಲ್ಲಿ ಐರ್ಲೆಂಡ್ ಒಣಗಿಹೋದಾಗ ನ್ಯೂಗ್ರೇಂಜ್ ಅನ್ನುವ ಇತಿಹಾಸಪೂರ್ವ ಕಾಲದ ಸಮಾಧಿ ದಿಬ್ಬದ ಹತ್ತಿರದ ಹೊಲದಲ್ಲಿ ಯಾರಿಗೂ ಗೊತ್ತಿಲ್ಲದ ದೊಡ್ಡ ವೃತ್ತಾಕಾರದ ರಚನೆಯೊಂದು ಡ್ರೋನ್ ಚಿತ್ರದಲ್ಲಿ ಕಾಣಿಸಿಕೊಂಡಿತು. ಕಾಡಿನ ಕೆಳಗಿರುವುದನ್ನು ನೋಡಲು ಲೈಡಾರ್ ಬೇಕು. ವಿಮಾನದಿಂದ ಲೇಸರ್ ಕಿರಣ ಬಿಟ್ಟು, ಎಲೆಗಳ ಸಂದಿಯಲ್ಲಿ ನೆಲ ಮುಟ್ಟಿ ವಾಪಸ್ ಬಂದ ಕಿರಣಗಳಿಂದ ನೆಲದ ಉಬ್ಬುತಗ್ಗು ಬಿಡಿಸುವ ವಿಧಾನ ಇದು. ಬೆಲೀಜ್ ದೇಶದಲ್ಲಿರುವ ಮಾಯಾ ಜನರ ಕರಕೋಲ್ ನಗರದ ಸುತ್ತ ಸುಮಾರು 200 ಚದರ ಕಿಲೋಮೀಟರ್ ಕಾಡನ್ನು 2009ರಲ್ಲಿ ಹೀಗೆ ಅಳೆದರು. ವರ್ಷಗಟ್ಟಲೆ ಕತ್ತಿ ಹಿಡಿದು ಪೊದೆ ಸವರಿದರೂ ಕಾಣದಷ್ಟು ರಸ್ತೆಗಳು, ಮೆಟ್ಟಿಲು ಹೊಲಗಳು ಕೆಲವೇ ದಿನಗಳ ಹಾರಾಟದಲ್ಲಿ ಸಿಕ್ಕವು.

ನೆಲದ ಮೇಲೆ ನಡೆದು ಒಳಗಿನದನ್ನು ಅಳೆಯುವ ಯಂತ್ರಗಳೂ ಇವೆ. ಕಾಂತಮಾಪಕ ಸುಟ್ಟ ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ, ಅಂದರೆ ಒಲೆ, ಆವಿಗೆ, ಕುಲುಮೆ. ವಿದ್ಯುತ್ ನಿರೋಧ ಅಳೆಯುವ ಯಂತ್ರಕ್ಕೆ ಒಣ ಕಲ್ಲಿನ ಗೋಡೆಯೂ ಒದ್ದೆ ಕಂದಕವೂ ಬೇರೆ ಬೇರೆಯಾಗಿ ಗೊತ್ತಾಗುತ್ತವೆ. ರೇಡಾರ್ ಆಳವನ್ನೂ ಹೇಳುತ್ತದೆ, ಆದರೆ ಒದ್ದೆ ಜೇಡಿಮಣ್ಣಿನಲ್ಲಿ ಕುರುಡಾಗುತ್ತದೆ.

ಎಡವುವ ಜಾಗ: ಮೇಲೆ ಏನೂ ಕಾಣದಿದ್ದರೆ ಕೆಳಗೂ ಏನೂ ಇಲ್ಲ ಅಂದುಕೊಳ್ಳುವುದು. ಹೊಳೆ ತಂದ ಮಣ್ಣು ಒಂದಿಡೀ ಊರನ್ನು ಮುಚ್ಚಿರಬಹುದು. ಉಲ್ಟಾ ಕೂಡ ಆಗುತ್ತದೆ. ಉಳುಮೆ ಮಾಡಿ ಮಾಡಿ ಬೋಕಿಗಳು ಮೂಲ ಜಾಗದಿಂದ ಸರಿದಿರುತ್ತವೆ. ಇನ್ನೊಂದು ವಿಷಯ, ಸರ್ವೆಯಲ್ಲಿ ಚೆಂದ ಕಂಡದ್ದನ್ನಷ್ಟೇ ಆರಿಸಬೇಡಿ. ಬಣ್ಣದ ಬೋಕಿ ಹತ್ತು ಎತ್ತಿಕೊಂಡು ಒರಟು ಬೋಕಿ ನೂರು ಬಿಟ್ಟು ಬಂದರೆ, ಇಲ್ಲಿ ಬರೀ ಶ್ರೀಮಂತರೇ ಇದ್ದರು ಅಂತ ನಿಮ್ಮ ಪಟ್ಟಿ ಹೇಳುತ್ತದೆ.

ಹಂತ 3: ಚೌಕ ಹಾಕಿ

ಅಗೆಯುವ ಜಾಗದಲ್ಲಿ ಅಲುಗಾಡದ ಒಂದು ಬಿಂದುವನ್ನು ಗುರುತಿಸಿ. ಎಲ್ಲ ಉದ್ದ, ಅಗಲ, ಆಳಗಳನ್ನೂ ಇದರಿಂದಲೇ ಅಳೆಯಬೇಕು. ಆಮೇಲೆ ಗೂಟ, ದಾರದಿಂದ ಚೌಕಗಳನ್ನು ಹಾಕಿ. ಮೂಲೆ ನೇರವಾಗಿದೆಯಾ ಅಂತ ನೋಡಲು ಹಳೆಯ ಉಪಾಯವೇ ಸಾಕು: ಒಂದು ಬದಿ 3 ಮೀಟರ್, ಇನ್ನೊಂದು ಬದಿ 4 ಮೀಟರ್, ಎರಡರ ತುದಿಗಳ ನಡುವೆ 5 ಮೀಟರ್ ಬಂದರೆ ಮೂಲೆ ಸರಿ ಇದೆ.

ಚೌಕಗಳ ನಡುವೆ ಅಗೆಯದೆ ಬಿಡುವ ಮಣ್ಣಿನ ಗೋಡೆಗೆ ಬಾಕ್ ಅನ್ನುತ್ತಾರೆ. ಅದರ ಮೈಯಲ್ಲಿ ಪದರಗಳು ಕಾಣುತ್ತಿರುತ್ತವೆ. ಈ ಪೆಟ್ಟಿಗೆ ಪದ್ಧತಿಯನ್ನು ಜನಪ್ರಿಯ ಮಾಡಿದವರು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಈಗ ಬಹಳ ಕಡೆ ಬಾಕ್ ಬಿಡದೆ ಇಡೀ ಪ್ರದೇಶವನ್ನು ಒಟ್ಟಿಗೆ ತೆರೆಯುತ್ತಾರೆ. ಮನೆಯ ಪೂರ್ತಿ ನಕ್ಷೆ ಬೇಕಿದ್ದರೆ ಅದೇ ವಾಸಿ, ಏಕೆಂದರೆ ಬೇಕಾದ ಗೋಡೆ ಯಾವಾಗಲೂ ಬಾಕಿನ ಅಡಿಯಲ್ಲೇ ಅಡಗಿರುತ್ತದೆ.

ಹಂತ 4: ಪದರ ಪದರವಾಗಿ ಬಿಡಿಸಿ

ಇಲ್ಲಿ ನಿಧಾನವಾಗಿ ಓದಿ. ಪುರಾತತ್ವದ ಅರ್ಧ ಭಾಗ ಈ ಹಂತದಲ್ಲೇ ಇದೆ.

ಮೂಲ ನಿಯಮ ಸರಳ. ಒಂದರ ಮೇಲೊಂದು ಬಿದ್ದ ಪದರಗಳಲ್ಲಿ ಕೆಳಗಿನದು ಮೊದಲು ಬಿದ್ದದ್ದು, ಮೇಲಿನದು ಆಮೇಲೆ ಬಿದ್ದದ್ದು. ಕಲ್ಲಿನ ಪದರಗಳ ವಿಷಯದಲ್ಲಿ ಇದನ್ನು 1669ರಲ್ಲಿ ನಿಕೋಲಸ್ ಸ್ಟೆನೊ ಬರೆದಿಟ್ಟರು. ಮೇಜಿನ ಮೇಲೆ ದಿನವೂ ಬೀಳುವ ಪೇಪರಿನ ರಾಶಿ ನೆನೆಸಿಕೊಳ್ಳಿ. ಅಡಿಯಲ್ಲಿರುವುದು ಹಳೆಯ ಪೇಪರ್, ಅಲ್ವಾ?

ಆದರೆ ಮನುಷ್ಯರು ಇರುವ ಕಡೆ ರಾಶಿ ಹಾಗೇ ಇರುವುದಿಲ್ಲ. ಗುಂಡಿ ತೋಡುತ್ತಾರೆ, ಪಾಯ ತೆಗೆಯುತ್ತಾರೆ, ಹೆಣ ಹೂಳುತ್ತಾರೆ. ಒಂದು ಮನೆಯ ನೆಲ ಇದೆ ಅನ್ನಿ. ನೂರು ವರ್ಷ ಆದ ಮೇಲೆ ಯಾರೋ ಆ ನೆಲವನ್ನು ಒಡೆದು ಒಂದೂವರೆ ಮೀಟರ್ ಆಳದ ಕಸದ ಗುಂಡಿ ತೋಡಿದರು. ಗುಂಡಿಯ ತಳದಲ್ಲಿ ಬಿದ್ದ ಒಡೆದ ಮಡಕೆ ನೆಲಕ್ಕಿಂತ ಒಂದೂವರೆ ಮೀಟರ್ ಕೆಳಗಿದೆ. ಆದರೆ ನೆಲಕ್ಕಿಂತ ನೂರು ವರ್ಷ ಹೊಸದು! ಆಳದಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಹಳೆಯದು ಆಗುವುದಿಲ್ಲ. ಹೊಸಬರು ಅತಿ ಜಾಸ್ತಿ ಎಡವುವ ಕಲ್ಲು ಇದೇ.

ಹಾಗಾಗಿ ಗುಂಡಿಯನ್ನು ಎರಡು ಘಟನೆಯಾಗಿ ನೋಡಬೇಕು. ತೋಡಿದ್ದು ಒಂದು ಘಟನೆ, ಅದಕ್ಕೆ ಕತ್ತರಿಕೆ ಅನ್ನೋಣ. ಅದರಲ್ಲಿ ಮಣ್ಣಿಲ್ಲ, ಬರೀ ಆಕಾರ ಇದೆ. ತುಂಬಿದ್ದು ಇನ್ನೊಂದು ಘಟನೆ, ಅದು ತುಂಬು ಮಣ್ಣು. ಎರಡಕ್ಕೂ ಬೇರೆ ಬೇರೆ ಸಂಖ್ಯೆ ಕೊಡಬೇಕು.

ಅಗೆಯುವ ಕ್ರಮ ಹೀಗಿದೆ. ಯಾವುದು ಕೊನೆಯಲ್ಲಿ ಬಂತೋ ಅದನ್ನು ಮೊದಲು ತೆಗೆಯಿರಿ. ಗುಂಡಿ ಕಂಡರೆ ಮೊದಲು ಗುಂಡಿಯ ತುಂಬು ಮಣ್ಣನ್ನು ಖಾಲಿ ಮಾಡಿ, ಆಮೇಲೆ ಅದು ಕತ್ತರಿಸಿದ ನೆಲಕ್ಕೆ ಕೈ ಹಾಕಿ. ಕರಣೆಯ ಅಂಚನ್ನು ನೆಲಕ್ಕೆ ಓರೆಯಾಗಿ ಹಿಡಿದು ನಿಮ್ಮ ಕಡೆಗೆ ಕೆರೆದುಕೊಳ್ಳುತ್ತಾ ಹಿಂದಕ್ಕೆ ಸರಿಯಿರಿ. ಆಗ ಚೊಕ್ಕ ಮಾಡಿದ ಜಾಗವನ್ನು ನೀವೇ ತುಳಿಯುವುದಿಲ್ಲ. ಮೂತಿಯಿಂದ ಚುಚ್ಚಬೇಡಿ. ಪದರ ಬದಲಾದದ್ದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಕೆರೆಯುವ ಸದ್ದು ಬದಲಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ ಅಥವಾ ಪುಡಿಪುಡಿಯಾಗುತ್ತದೆ. ಅನುಮಾನ ಬಂದರೆ ಸ್ವಲ್ಪ ನೀರು ಚಿಮುಕಿಸಿ ನೋಡಿ. ಒಣಗಿದಾಗ ಒಂದೇ ಕಾಣುವ ಮಣ್ಣು ಒದ್ದೆಯಾದಾಗ ಎರಡು ಬಣ್ಣ ತೋರಿಸುತ್ತದೆ.

ಇಲ್ಲದೆ ಇರುವುದನ್ನೂ ನೋಡಲು ಕಲಿಯಿರಿ. ಮರದ ಕಂಬ ಕೊಳೆತು ಹೋಗಿರುತ್ತದೆ, ಆದರೆ ಅದು ನಿಂತಿದ್ದ ಕುಳಿಯಲ್ಲಿ ತುಂಬಿದ ಮಣ್ಣು ಕಪ್ಪು ವೃತ್ತವಾಗಿ ಕಾಣುತ್ತದೆ. ಅಂಥ ವೃತ್ತಗಳು ಸಾಲಾಗಿ ಸಿಕ್ಕರೆ ನಿಮಗೊಂದು ಮನೆ ಸಿಕ್ಕಿತು. ಗೋಡೆಯ ಕಲ್ಲುಗಳನ್ನು ಯಾರೋ ಬೇರೆ ಮನೆಗೆ ಕಿತ್ತುಕೊಂಡು ಹೋಗಿದ್ದರೂ, ಕಿತ್ತ ಹಳ್ಳ ಗೋಡೆಯ ಜಾಗವನ್ನೇ ತೋರಿಸುತ್ತದೆ. ಕರಣೆ ಪೊಳ್ಳು ಜಾಗಕ್ಕೆ ತಾಗಿದರೆ ಅಲ್ಲೇ ನಿಲ್ಲಿ. ಹಳೆಯ ರೋಮನ್ ನಗರ ಪಾಂಪೆಯಲ್ಲಿ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಸಿಲುಕಿದ ಜನರ ದೇಹ ಕರಗಿ, ಗಟ್ಟಿಯಾದ ಬೂದಿಯಲ್ಲಿ ಪೊಳ್ಳು ಉಳಿದಿತ್ತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಆ ಪೊಳ್ಳುಗಳಿಗೆ ಪ್ಲಾಸ್ಟರ್ ಸುರಿಸಿದರು. ಬಟ್ಟೆಯ ಮಡಿಕೆಯವರೆಗೆ ಮನುಷ್ಯರ ಆಕಾರ ಎದ್ದು ಬಂತು. ಅದಕ್ಕೂ ಮೊದಲು ಎಷ್ಟು ಪೊಳ್ಳುಗಳನ್ನು ಗುದ್ದಲಿ ಒಡೆದು ಹಾಕಿತ್ತೋ ಯಾರಿಗೆ ಗೊತ್ತು.

ಎಡವುವ ಜಾಗಗಳು ಇಲ್ಲಿ ಬಹಳ ಇವೆ:

- ಇಲಿ, ಹೆಗ್ಗಣ, ಗೆದ್ದಲು, ಬೇರು ಎಲ್ಲವೂ ವಸ್ತುಗಳನ್ನು ಮೇಲೆ ಕೆಳಗೆ ಮಾಡುತ್ತವೆ. ಎರೆಹುಳು ಕೂಡ. ಎರೆಹುಳುಗಳು ಕಲ್ಲುಗಳನ್ನು ಎಷ್ಟು ಹೂಳುತ್ತವೆ ಅಂತ ನೋಡಲು ಚಾರ್ಲ್ಸ್ ಡಾರ್ವಿನ್ 1877ರಲ್ಲಿ ಸ್ಟೋನ್‌ಹೆಂಜ್‌ಗೇ ಹೋಗಿದ್ದರು. ಮಣ್ಣು ಸಡಿಲವಾಗಿ, ಬಣ್ಣ ಬೇರೆಯಾಗಿ, ಕೊಳವೆಯ ಹಾಗೆ ಕಂಡರೆ ಅದು ಬಿಲ. ಅದರಲ್ಲಿ ಸಿಕ್ಕದ್ದನ್ನು ಬೇರೆ ಚೀಲಕ್ಕೆ ಹಾಕಿ.

- ಪದರ ನೋಡದೆ "ಇಪ್ಪತ್ತು ಇಪ್ಪತ್ತು ಸೆಂಟಿಮೀಟರ್" ಅಂತ ಅಳತೆ ಹಾಕಿ ಕೇಕ್ ತರಹ ಕತ್ತರಿಸುವುದು. ಪದರ ಓರೆಯಾಗಿದ್ದರೆ ಒಂದೇ ಚೀಲದಲ್ಲಿ ಎರಡು ಕಾಲದ ಬೋಕಿ ಬೆರೆಯುತ್ತದೆ. ಪದರ ಕಾಣದ ಒಂದೇ ತರಹದ ದಪ್ಪ ಮಣ್ಣಿನಲ್ಲಿ ಮಾತ್ರ ಈ ರೀತಿ ಪರವಾಗಿಲ್ಲ.

- ಗುಂಡಿಯ ಗೋಡೆಯಿಂದ ಅರ್ಧ ಹೊರಬಂದ ವಸ್ತುವನ್ನು ಎಳೆಯುವುದು. ಕೈ ತುರಿಸುತ್ತದೆ, ನಿಜ. ಬಿಡಿ. ಅದರ ಮೇಲಿನ ಪದರಗಳನ್ನು ತೆಗೆಯುತ್ತಾ ಅದು ತಾನಾಗೇ ಬರಬೇಕು.

ಹಂತ 5: ಬರೆಯಿರಿ, ಬಿಡಿಸಿ, ಮತ್ತೆ ಬರೆಯಿರಿ

ಪ್ರತಿ ಪದರಕ್ಕೂ, ಪ್ರತಿ ಕತ್ತರಿಕೆಗೂ ಒಂದು ಸಂಖ್ಯೆ, ಒಂದು ಹಾಳೆ. ಬಣ್ಣ, ಗಟ್ಟಿತನ, ದಪ್ಪ, ಏನು ಬೆರೆತಿದೆ, ಯಾವುದರ ಮೇಲಿದೆ, ಯಾವುದರ ಕೆಳಗಿದೆ, ಯಾವುದನ್ನು ಕತ್ತರಿಸಿದೆ. ಕೊನೆಯ ಮೂರು ಸಾಲು ಖಾಲಿ ಬಿಟ್ಟರೆ ಉಳಿದದ್ದು ಬರೆದೂ ಪ್ರಯೋಜನ ಇಲ್ಲ.

ಈ ಸಂಬಂಧಗಳನ್ನು ಒಂದೇ ಚಿತ್ರದಲ್ಲಿ ಇಡುವ ಉಪಾಯವನ್ನು 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ಕಂಡುಹಿಡಿದರು. ಇಂಗ್ಲೆಂಡಿನ ವಿಂಚೆಸ್ಟರ್ ಉತ್ಖನನದ ರಾಶಿ ರಾಶಿ ಟಿಪ್ಪಣಿಗಳನ್ನು ಬಿಡಿಸುತ್ತಾ ಕುಳಿತಿದ್ದಾಗ ಹೊಳೆದದ್ದು ಅದು. ಅದನ್ನು ಹ್ಯಾರಿಸ್ ಮ್ಯಾಟ್ರಿಕ್ಸ್ ಅನ್ನುತ್ತಾರೆ, ನೋಡಲು ವಂಶವೃಕ್ಷದ ಹಾಗಿರುತ್ತದೆ. ನಮ್ಮ ಮನೆ, ಕಸದ ಗುಂಡಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 1 ಮೇಲ್ಮಣ್ಣು, 2 ಕುಸಿದ ಗೋಡೆಯ ಅವಶೇಷ, 3 ಗುಂಡಿಯ ತುಂಬು ಮಣ್ಣು, 4 ಗುಂಡಿಯ ಕತ್ತರಿಕೆ, 5 ಮನೆಯ ನೆಲ, 6 ನೆಲದಡಿಯ ಜೇಡಿಮಣ್ಣು. ಅಗೆದದ್ದು 1ರಿಂದ 6ಕ್ಕೆ. ನಡೆದದ್ದು 6ರಿಂದ 1ಕ್ಕೆ. ಮೊದಲು ಜೇಡಿ ಬಡಿದರು, ನೆಲ ಮಾಡಿದರು, ಗುಂಡಿ ತೋಡಿದರು, ಅದು ತುಂಬಿತು, ಗೋಡೆ ಬಿತ್ತು, ಮೇಲೆ ಮಣ್ಣು ಕೂತಿತು. ಈ ಆರು ಸಂಖ್ಯೆ ನೆನಪಿಟ್ಟುಕೊಳ್ಳಿ, ಏಳನೇ ಹಂತದಲ್ಲಿ ಬೇಕು.

ಫೋಟೋದಲ್ಲಿ ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ, ಸಂಖ್ಯೆಯ ಹಲಗೆ ಮೂರೂ ಇರಲಿ. "ಫೋಟೋ ಇದೆಯಲ್ಲ, ಕೈಯಲ್ಲಿ ಯಾಕೆ ಬಿಡಿಸಬೇಕು?" ಅಂತ ಎಲ್ಲರೂ ಕೇಳುತ್ತಾರೆ. ಫೋಟೋ ತೆಗೆಯಲು ಪದರದ ಗೆರೆ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. ಬಿಡಿಸಲು ಗೊತ್ತಿರಬೇಕು. ಪೆನ್ಸಿಲ್ ಎಲ್ಲಿ ನಿಲ್ಲುತ್ತದೋ ಅಲ್ಲಿ ನೀವು ಸರಿಯಾಗಿ ನೋಡಿಲ್ಲ ಅಂತ ಅರ್ಥ.

ಚೀಟಿಯನ್ನು ಚೀಲದ ಒಳಗೊಂದು, ಹೊರಗೊಂದು ಹಾಕಿ. ಮಾಮೂಲಿ ಶಾಯಿ ಬೇಡ. ನಾನು ಕಲಿಯುವಾಗ ಹೊಸ ಪೆನ್ನಿನಲ್ಲಿ ಅಂದವಾಗಿ ಬರೆದ ಚೀಟಿಗಳು ಒದ್ದೆ ಬೋಕಿಯ ಜೊತೆ ಒಂದು ರಾತ್ರಿ ಕಳೆದು ನೀಲಿ ಕಲೆಗಳಾದವು. ಒಂದು ಇಡೀ ಪದರದ ಬೋಕಿ ಎಲ್ಲಿಯದೂ ಅಲ್ಲದ್ದಾಯಿತು.

ಹಂತ 6: ಜರಡಿ ಹಿಡಿಯಿರಿ, ಮಾದರಿ ತೆಗೆಯಿರಿ

ಕಣ್ಣು ದೊಡ್ಡದನ್ನು, ಹೊಳೆಯುವುದನ್ನು ಆರಿಸುತ್ತದೆ. ಜರಡಿಗೆ ಆ ಪಕ್ಷಪಾತ ಇಲ್ಲ. ಮೀನಿನ ಮೂಳೆ, ಸಣ್ಣ ಮಣಿ, ಹಲ್ಲು ಎಲ್ಲ ಅಲ್ಲೇ ಸಿಗುವುದು. ಸುಟ್ಟ ಕಾಳುಗಳಿಗೆ ತೇಲಿಸುವ ವಿಧಾನ ಇದೆ. ಮಣ್ಣನ್ನು ನೀರಿನ ತೊಟ್ಟಿಗೆ ಸುರಿದು ಕಲಕಿದರೆ ಇದ್ದಿಲಾದ ಬೀಜ, ಕಾಳು ಮೇಲೆ ತೇಲುತ್ತವೆ. ಅವನ್ನು ಸಣ್ಣ ಕಣ್ಣಿನ ಜಾಲರಿಯಲ್ಲಿ ಹಿಡಿದು ನೆರಳಲ್ಲಿ ಒಣಗಿಸುತ್ತಾರೆ. ಆ ಜನ ಏನು ಬೆಳೆದರು, ಏನು ತಿಂದರು ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಕಡಿಮೆ.

ಎಡವುವ ಜಾಗ: ಸಿಕ್ಕದ್ದೆಲ್ಲ ತೊಳೆಯುವ ಚಟ. ಮಡಕೆಯ ಒಳಮೈ ಹೀರಿಕೊಂಡ ಕೊಬ್ಬು, ಎಣ್ಣೆಯ ಅಂಶವನ್ನು ಪ್ರಯೋಗಾಲಯದಲ್ಲಿ ಪತ್ತೆ ಮಾಡಬಹುದು. ಉಜ್ಜಿ ತೊಳೆದರೆ ಅದು ಹೋಗುತ್ತದೆ. ಕಬ್ಬಿಣಕ್ಕಂತೂ ನೀರು ತಾಗಿಸಲೇಬೇಡಿ. ಕಾಲ ಪತ್ತೆಗೆ ಕಳಿಸುವ ಇದ್ದಿಲನ್ನು ಬರಿಗೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಹತ್ತಿಯಲ್ಲಿ, ಕಾಗದದಲ್ಲಿ ಸುತ್ತಿದರೆ ಅವುಗಳಲ್ಲಿರುವ ಇವತ್ತಿನ ಕಾರ್ಬನ್ ಸೇರಿಕೊಳ್ಳುತ್ತದೆ.

ಹಂತ 7: ಕಾಲ ಹೇಳಿ

ಎರಡನೇ ಪ್ರಶ್ನೆಗೆ ಬಂದೆವು. ಕಾಲ ಹೇಳುವುದರಲ್ಲಿ ಎರಡು ಬಗೆ. ಇದು ಅದಕ್ಕಿಂತ ಹಳೆಯದು ಅಂತ ಮಾತ್ರ ಹೇಳುವುದು ಸಾಪೇಕ್ಷ. ಇಸವಿ ಹೇಳುವುದು ನಿರಪೇಕ್ಷ.

ಸಾಪೇಕ್ಷಕ್ಕೆ ಪದರಗಳೇ ಸಾಕು. ಪದರ ಇಲ್ಲದಿದ್ದರೆ? 1890ರ ದಶಕದಲ್ಲಿ ಈಜಿಪ್ಟಿನಲ್ಲಿ ಫ್ಲಿಂಡರ್ಸ್ ಪೆಟ್ರಿ ಎದುರಿಸಿದ್ದು ಇದನ್ನೇ. ನೂರಾರು ಸಮಾಧಿಗಳು, ಒಂದರ ಮೇಲೊಂದು ಇಲ್ಲ, ಎಲ್ಲ ಅಕ್ಕಪಕ್ಕ. ಆದರೆ ಒಳಗಿನ ಮಡಕೆಗಳ ಹಿಡಿಕೆ ಬದಲಾಗುತ್ತಾ ಹೋಗಿದ್ದನ್ನು ಅವರು ಗಮನಿಸಿದರು. ಒಂದು ಬಗೆಯ ಮಡಕೆಗೆ ಮೊದಲು ಕೈಯಲ್ಲಿ ಹಿಡಿಯಬಹುದಾದ ಅಲೆಅಲೆ ಹಿಡಿಕೆ ಇತ್ತು. ಬರುಬರುತ್ತಾ ಅದು ಸಣ್ಣದಾಗಿ, ಕೊನೆಗೆ ಮಡಕೆಯ ಮೈಮೇಲೆ ಬರೀ ಗೆರೆಯಾಗಿ ಉಳಿಯಿತು. ಕೆಲಸಕ್ಕೆ ಬಾರದ ಆ ಗೆರೆ ಇರುವುದೇ ಆಮೇಲಿನದು ಅನ್ನುವುದು ಸಹಜ ತಾನೇ? ಹೀಗೆ ಸುಮಾರು 900 ಸಮಾಧಿಗಳ ವಿವರವನ್ನು ಒಂದೊಂದು ಪಟ್ಟಿಯಲ್ಲಿ ಬರೆದು, ಹಿಂದೆ ಮುಂದೆ ಜೋಡಿಸಿ ಸಾಲು ಹಚ್ಚಿದರು. ಈ ವಿಧಾನಕ್ಕೆ ಸರಣೀಕರಣ ಅನ್ನಬಹುದು. ಹಳೆಯ ಫೋನುಗಳನ್ನು ಆಂಟೆನಾ ನೋಡಿ ಸಾಲಾಗಿ ಜೋಡಿಸಿದ ಹಾಗೆ.

ಕಾಲ ಗೊತ್ತಿರುವ ವಸ್ತು ಗೊತ್ತಿಲ್ಲದ ವಸ್ತುವಿನ ಜೊತೆ ಸಿಕ್ಕರೂ ದಾರಿ ತೆರೆಯುತ್ತದೆ. 1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ವೀಲರ್ ಅವರಿಗೆ ಇಟಲಿಯಲ್ಲಿ ತಯಾರಾದ ಕೆಂಪು ಹೊಳಪಿನ ಮಡಕೆಯ ಬೋಕಿಗಳು ಸಿಕ್ಕವು. ಅವುಗಳ ಕಾಲ ರೋಮನ್ ಇತಿಹಾಸದಿಂದ ಮೊದಲೇ ಗೊತ್ತಿತ್ತು. ಹಾಗಾಗಿ ಅದೇ ಪದರಗಳಲ್ಲಿದ್ದ ಇಲ್ಲಿನ ಮಡಕೆಗಳಿಗೂ ಕ್ರಿ.ಶ. ಒಂದನೇ ಶತಮಾನ ಅನ್ನುವ ಆಧಾರ ಸಿಕ್ಕಿತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪದರಗಳ ಕಾಲ ಲೆಕ್ಕ ಹಾಕಿದ್ದು ಈ ಎಳೆ ಹಿಡಿದೇ. ಆಮೇಲೆ ಅರಿಕಮೇಡಿನ ಮೇಲೆ ನಡೆದ ಕೆಲಸದಲ್ಲಿ ಅಲ್ಲಿನ ಚಕ್ರಗೆರೆಯ ಮಡಕೆ (ಇಂಗ್ಲಿಷಿನಲ್ಲಿ ರೌಲೆಟೆಡ್ ವೇರ್) ಇನ್ನೂ ಹಿಂದೆಯೇ ಶುರುವಾಗಿತ್ತು ಅಂತ ಗೊತ್ತಾಯಿತು. ಜೊತೆಗೆ ಸಿಕ್ಕದ್ದು "ಆಗ ಇತ್ತು" ಅಂತ ಹೇಳುತ್ತದೆ, "ಆಗಲೇ ಶುರುವಾಯಿತು" ಅಂತ ಹೇಳುವುದಿಲ್ಲ.

ನಾಣ್ಯದ ನಿಯಮವೂ ಇದೇ ಜಾತಿಯದು. ನಮ್ಮ ಗುಂಡಿಯ ತುಂಬು ಮಣ್ಣಿನಲ್ಲಿ, ಅಂದರೆ ಸಂಖ್ಯೆ 3ರಲ್ಲಿ, ಕ್ರಿ.ಶ. 300ರಲ್ಲಿ ಅಚ್ಚಾದ ನಾಣ್ಯ ಸಿಕ್ಕಿತು ಅನ್ನಿ. ಆ ಮಣ್ಣು ಬಿದ್ದದ್ದು 300ಕ್ಕಿಂತ ಮೊದಲಂತೂ ಅಲ್ಲ. 300ರಲ್ಲೇ ಬಿತ್ತು ಅಂತಲೂ ಅಲ್ಲ, ನಾಣ್ಯ ಇನ್ನೂರು ವರ್ಷ ಕೈಯಿಂದ ಕೈಗೆ ಓಡಾಡಿರಬಹುದು. ಸಂಖ್ಯೆ 2 ಮತ್ತು 1 ಅದಕ್ಕೂ ಆಮೇಲಿನವು. ಸಂಖ್ಯೆ 5, ಅಂದರೆ ನೆಲದ ಬಗ್ಗೆ ನಾಣ್ಯ ಏನೂ ಹೇಳುವುದಿಲ್ಲ. "ಮನೆಯಲ್ಲಿ 300ರ ನಾಣ್ಯ ಸಿಕ್ಕಿದೆ, ಆದ್ದರಿಂದ ಮನೆ 300ರದ್ದು" ಅನ್ನುವ ವಾಕ್ಯ ಎಲ್ಲಾದರೂ ಓದಿದರೆ ಅನುಮಾನಪಡಿ.

ಇನ್ನು ಇಸವಿ ಹೇಳುವ ವಿಧಾನಗಳು. ಎಲ್ಲಕ್ಕಿಂತ ಕರಾರುವಾಕ್ಕಾದದ್ದು ಮರದ ಉಂಗುರ. ಚಳಿ ಬೇಸಿಗೆ ಸ್ಪಷ್ಟವಾಗಿರುವ ಕಡೆ ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಒಳ್ಳೆಯ ವರ್ಷ ದಪ್ಪ, ಬರಗಾಲದಲ್ಲಿ ತೆಳು. ಈ ದಪ್ಪ ತೆಳುವಿನ ಸಾಲನ್ನು ಹಳೆಯ ತೊಲೆಗಳಿಗೆ ಹೊಂದಿಸುತ್ತಾ ಹಿಂದೆ ಹಿಂದೆ ಹೋಗಬಹುದು. ಇದನ್ನು ಕಟ್ಟಿದ ಎ. ಇ. ಡಗ್ಲಸ್ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳ ಪರಿಣಾಮ ಹುಡುಕುತ್ತಾ ಮರದ ಕಡೆ ಬಂದವರು. ಅವರ ಹತ್ತಿರ ಎರಡು ಸಾಲುಗಳಿದ್ದವು, ನಡುವೆ ಸೇತುವೆ ಇರಲಿಲ್ಲ. 1929ರಲ್ಲಿ ಅರಿಜೋನಾದಲ್ಲಿ ಸಿಕ್ಕ ಒಂದು ಸುಟ್ಟ ತೊಲೆ ಎರಡನ್ನೂ ಕೂಡಿಸಿತು.

ಎಲ್ಲರಿಗೂ ಗೊತ್ತಿರುವ ಹೆಸರು ಕಾರ್ಬನ್-14, ಕಾಲ ಕಳೆದಂತೆ ತಾನಾಗೇ ಕರಗುವ ಒಂದು ಬಗೆಯ ಕಾರ್ಬನ್. ಗಿಡ, ಪ್ರಾಣಿ ಬದುಕಿರುವವರೆಗೆ ಗಾಳಿಯಿಂದ, ಆಹಾರದಿಂದ ಇದನ್ನು ತೆಗೆದುಕೊಳ್ಳುತ್ತಲೇ ಇರುತ್ತವೆ. ಸತ್ತ ದಿನ ಆಮದು ನಿಲ್ಲುತ್ತದೆ, ಕರಗುವುದು ಮಾತ್ರ ಮುಂದುವರಿಯುತ್ತದೆ. 5,730 ವರ್ಷಕ್ಕೆ ಅರ್ಧ, 11,460 ವರ್ಷಕ್ಕೆ ಕಾಲು ಭಾಗ ಉಳಿಯುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯುವಷ್ಟು ಉಳಿಯುವುದೇ ಇಲ್ಲ. ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು 1949ರಲ್ಲಿ ಇದನ್ನು ತೋರಿಸಿಕೊಟ್ಟರು. ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂತು.

ವರದಿಯಲ್ಲಿ "2450 ± 30 ಬಿಪಿ" ಅಂತ ಇದ್ದರೆ ಹೇಗೆ ಓದುವುದು? ಬಿಪಿ ಅಂದರೆ 1950ಕ್ಕಿಂತ ಇಷ್ಟು ವರ್ಷ ಹಿಂದೆ. ± 30 ಅಳತೆಯ ತೂಗಾಟ. ನಿಜವಾದ ಬೆಲೆ ಆ ಮಿತಿಯೊಳಗೆ ಇರುವ ಸಾಧ್ಯತೆ ಸುಮಾರು 68 ಪ್ರತಿಶತ ಮಾತ್ರ, ಅದರ ಎರಡರಷ್ಟು ಮಿತಿಯಲ್ಲಿ ಸುಮಾರು 95. ಆದರೆ ಇದಿನ್ನೂ ಕ್ಯಾಲೆಂಡರ್ ವರ್ಷ ಅಲ್ಲ. ಗಾಳಿಯಲ್ಲಿ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಹಾಗಾಗಿ ಮರದ ಉಂಗುರದಂಥ ಗೊತ್ತಿರುವ ದಾಖಲೆಗೆ ಹೋಲಿಸಿ ತಿದ್ದುತ್ತಾರೆ. ಆ ತಿದ್ದುಪಡಿಯ ಗೆರೆ ಕ್ರಿ.ಪೂ. 800ರಿಂದ 400ರವರೆಗೆ ಚಪ್ಪಟೆಯಾಗಿದೆ. ನಮ್ಮ 2450 ಬಿದ್ದದ್ದು ಸರಿಯಾಗಿ ಅಲ್ಲೇ. ಪ್ರಯೋಗಾಲಯ ಎಷ್ಟೇ ಚೊಕ್ಕವಾಗಿ ಅಳೆದರೂ ಉತ್ತರ ಬರುವುದು ಹೆಚ್ಚುಕಮ್ಮಿ ಕ್ರಿ.ಪೂ. 750ರಿಂದ 410ರವರೆಗೆ ಎಲ್ಲಾದರೂ ಇರಬಹುದು ಅಂತ!

ಎಡವುವ ಜಾಗಗಳು ಬೇಕಾದಷ್ಟಿವೆ. ಕಾರ್ಬನ್-14 ಹೇಳುವುದು ಮರ ಬೆಳೆದ ಕಾಲವನ್ನು, ಒಲೆ ಉರಿಸಿದ ಕಾಲವನ್ನಲ್ಲ. ಮುನ್ನೂರು ವರ್ಷದ ಮರದ ತಿರುಳನ್ನು ಸೌದೆ ಮಾಡಿದ್ದರೆ ಉತ್ತರ ಮುನ್ನೂರು ವರ್ಷ ಹಿಂದೆ ಬರುತ್ತದೆ. ಅದಕ್ಕೇ ತಿಳಿದವರು ದಪ್ಪ ಇದ್ದಿಲು ಬಿಟ್ಟು ಒಂದೇ ವರ್ಷ ಬದುಕುವ ಕಾಳನ್ನು ಕಳಿಸುತ್ತಾರೆ. ಸಮುದ್ರದ ಚಿಪ್ಪು ನಿಜಕ್ಕಿಂತ ಸರಾಸರಿ 400 ವರ್ಷ ಹಳೆಯದು ಅಂತ ತೋರಿಸುತ್ತದೆ, ಅದಕ್ಕೆ ಬೇರೆ ತಿದ್ದುಪಡಿ ಬೇಕು. "ಕಲ್ಲಿನ ಶಿಲ್ಪಕ್ಕೆ ಕಾರ್ಬನ್ ಪರೀಕ್ಷೆ ಮಾಡಿದರು" ಅನ್ನುವ ಸುದ್ದಿ ಕಂಡರೆ ನಕ್ಕು ಮುಂದೆ ಹೋಗಿ. ಕಲ್ಲು ಯಾವತ್ತೂ ಬದುಕಿರಲಿಲ್ಲ.

ಮಡಕೆಗೆ ಮತ್ತು ಮರಳಿಗೆ ಬೇರೆ ವಿಧಾನ ಇದೆ. ಮಣ್ಣಿನ ಕಣಗಳು ಸುತ್ತಲಿನ ವಿಕಿರಣದಿಂದ ಒಂದಿಷ್ಟು ಶಕ್ತಿ ಕೂಡಿಟ್ಟುಕೊಳ್ಳುತ್ತಾ ಹೋಗುತ್ತವೆ. ಸುಟ್ಟರೆ ಅಥವಾ ಬಿಸಿಲು ಬಿದ್ದರೆ ಆ ಗಂಟು ಖಾಲಿ. ಪ್ರಯೋಗಾಲಯದಲ್ಲಿ ಮತ್ತೆ ಬಿಸಿ ಮಾಡಿ ಅಥವಾ ಬೆಳಕು ಬಿಟ್ಟು ಎಷ್ಟು ಕೂಡಿತ್ತು ಅಂತ ಅಳೆದರೆ, ಕೊನೆಯ ಸಲ ಸುಟ್ಟು ಅಥವಾ ಬಿಸಿಲು ಕಂಡು ಎಷ್ಟು ಕಾಲವಾಯಿತು ಅಂತ ಸಿಗುತ್ತದೆ. ಬಿಸಿಲಿನ ಲೆಕ್ಕಕ್ಕೆ ಮಾದರಿ ತೆಗೆಯುವಾಗ ಲೋಹದ ಕೊಳವೆಯನ್ನು ಗೋಡೆಗೆ ಹೊಡೆದು, ಬೆಳಕು ತಾಗದ ಹಾಗೆ ಮುಚ್ಚಬೇಕು. ಒಂದು ಕ್ಷಣ ಮುಚ್ಚಳ ತೆರೆದು ನೋಡಿದರೂ ಗಡಿಯಾರ ಸೊನ್ನೆಗೆ ಹೋಗುತ್ತದೆ. ಲಕ್ಷಗಟ್ಟಲೆ ವರ್ಷದ ಹಿಂದಕ್ಕೆ ಹೋಗಬೇಕಿದ್ದರೆ ಜ್ವಾಲಾಮುಖಿಯ ಬೂದಿ ಪದರಗಳಿಗೆ ಪೊಟ್ಯಾಸಿಯಂ ಆರ್ಗಾನ್ ವಿಧಾನ ಇದೆ.

ಒಂದೇ ಮಾದರಿಯ ಮೇಲೆ ಯಾವತ್ತೂ ಮನೆ ಕಟ್ಟಬೇಡಿ. ಕೆಳಗಿನಿಂದ ಮೇಲಕ್ಕೆ ಹಲವು ಪದರಗಳಿಂದ ತೆಗೆಯಿರಿ. ಕೆಳಗಿನದಕ್ಕಿಂತ ಮೇಲಿನದು ಹಳೆಯದು ಅಂತ ಬಂದರೆ ಪ್ರಯೋಗಾಲಯವನ್ನು ಬೈಯುವ ಮೊದಲು ನಿಮ್ಮ ಹಾಳೆಯಲ್ಲಿ ಇಲಿ ಬಿಲ ಇತ್ತಾ ಅಂತ ನೋಡಿ.

ಹಂತ 8: ಅರ್ಥ ಹೇಳಿ, ಹುಷಾರಾಗಿ

ಉಳಿದದ್ದು ಇದ್ದದ್ದರ ಒಂದು ಚೂರು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಜಿ ಅನ್ನುವ ಮನುಷ್ಯ ಸುಮಾರು 5,300 ವರ್ಷ ಹಿಂದಿನವನು. ಅವನ ಬಳಿ ಚರ್ಮದ ಬಟ್ಟೆ, ಕರಡಿ ತುಪ್ಪಳದ ಟೊಪ್ಪಿ, ಬಿಲ್ಲು, ಬಾಣದ ಚೀಲ, ಮರದ ಹಿಡಿಯ ಕೊಡಲಿ ಎಲ್ಲ ಇದ್ದವು. ಹಿಮ ಇಲ್ಲದೆ ಬರೀ ಮಣ್ಣಿನಲ್ಲಿ ಬಿದ್ದಿದ್ದರೆ? ತಾಮ್ರದ ಒಂದು ಅಲಗು, ಒಂದಷ್ಟು ಚಕಮಕಿ ಕಲ್ಲು ಸಿಗುತ್ತಿತ್ತು, ಅಷ್ಟೇ. ನಿಮ್ಮ ಗುಂಡಿಯಲ್ಲಿ ಬರೀ ಕಲ್ಲು ಸಿಕ್ಕರೆ ಅವರ ಹತ್ತಿರ ಬರೀ ಕಲ್ಲು ಇತ್ತು ಅಂತ ಬರೆಯಬೇಡಿ.

ಮೊದಲೇ ಉತ್ತರ ಇಟ್ಟುಕೊಂಡು ಅಗೆಯುವುದು ಇನ್ನೂ ಅಪಾಯ. ಹೈನ್‌ರಿಶ್ ಶ್ಲೀಮನ್ 1870ರ ದಶಕದಲ್ಲಿ ಟರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ ಟ್ರಾಯ್ ಹುಡುಕಿದರು. ಗ್ರೀಕ್ ಕವಿ ಹೋಮರ್ ಹಾಡಿದ ನಗರ ತಳದಲ್ಲೇ ಇರಬೇಕು ಅಂತ ನಂಬಿ ಮೇಲಿನ ಪದರಗಳನ್ನು ದೊಡ್ಡ ಕಾಲುವೆಯ ಹಾಗೆ ಸೀಳಿದರು. 1873ರಲ್ಲಿ ಸಿಕ್ಕ ಚಿನ್ನವನ್ನು ರಾಜ ಪ್ರಿಯಮನ ನಿಧಿ ಅಂತ ಸಾರಿದರು. ಆ ಪದರ ಟ್ರಾಯ್ ಯುದ್ಧದ್ದು ಅನ್ನುವ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳೆಯದು. ಹುಡುಕುತ್ತಿದ್ದ ಕಾಲದ ಪದರಗಳ ಬಹುಭಾಗವನ್ನು ಅವರ ಕೆಲಸಗಾರರೇ ಬುಟ್ಟಿಯಲ್ಲಿ ಹೊತ್ತು ಹೊರಗೆ ಸುರಿದಿದ್ದರು.

ಇನ್ನೊಂದು ಸಣ್ಣ ಬಲೆ: ಉಪಯೋಗ ಗೊತ್ತಾಗದ ವಸ್ತುವಿಗೆಲ್ಲ "ಪೂಜಾ ವಸ್ತು" ಅಂತ ಹೆಸರಿಡುವುದು. ಮಕ್ಕಳ ಆಟಿಕೆಯೂ ಆಗಿರಬಹುದು. "ಉಪಯೋಗ ತಿಳಿದಿಲ್ಲ" ಅಂತ ಬರೆದರೆ ಯಾರ ಮಾನವೂ ಹೋಗುವುದಿಲ್ಲ.

ಹಂತ 9: ಮುಚ್ಚಿ, ವರದಿ ಬರೆಯಿರಿ

ವರದಿ ಪ್ರಕಟವಾಗದ ಉತ್ಖನನ ನಡೆದೇ ಇಲ್ಲದ ಹಾಗೆ, ನಷ್ಟ ಮಾತ್ರ ನಿಜ. ಅಗೆಯುವ ದಿನಗಳಿಗಿಂತ ಆಮೇಲೆ ಮೇಜಿನ ಮುಂದೆ ಕೂರುವ ದಿನಗಳು ಜಾಸ್ತಿ ಅಂತ ಮೊದಲೇ ಲೆಕ್ಕ ಹಾಕಿ, ದುಡ್ಡನ್ನೂ ಹಾಗೇ ಹಂಚಿ. ಸಂಖ್ಯೆಗಳ ಪಟ್ಟಿ, ಮ್ಯಾಟ್ರಿಕ್ಸ್, ಚಿತ್ರಗಳು, ನಿಮ್ಮ ಊಹೆಗೆ ಹೊಂದದ ಮಾದರಿಗಳು ಎಲ್ಲವೂ ವರದಿಯಲ್ಲಿರಲಿ.

ಗುಂಡಿಯನ್ನು ತೆರೆದು ಬಿಟ್ಟರೆ ಮಳೆ, ಬಿಸಿಲು ಒಂದೇ ವರ್ಷದಲ್ಲಿ ಗೋಡೆ ಕೆಡವುತ್ತವೆ. ಹಾಗಾಗಿ ಬಹಳ ಕಡೆ ಮತ್ತೆ ಮಣ್ಣು ತುಂಬುತ್ತಾರೆ. ಅದಕ್ಕೂ ಮೊದಲು ತಳದಲ್ಲಿ ನೀರು ಇಂಗುವ ಹಾಳೆ ಹಾಸುತ್ತಾರೆ. ಮುಂದೆ ಯಾರಾದರೂ ಅಗೆದರೆ ಎಲ್ಲಿಯವರೆಗೆ ನಮ್ಮ ಕೈ ಬಿದ್ದಿದೆ ಅಂತ ಅವರಿಗೆ ತಿಳಿಯಲಿ ಅಂತ. ಹಾಳೆಯ ಮೇಲೆ ಆ ವರ್ಷದ್ದೇ ಒಂದು ಹೊಸ ನಾಣ್ಯ ಹಾಕುವ ರೂಢಿಯೂ ಇದೆ. ಇಸವಿ ಮೇಲ್ಮುಖವಾಗಿರಲಿ.